ಮರೆಯುವ ಯಂತ್ರ: ಕಲಾಶಾಲೆಯ ಅರ್ಜಿಗಾಗಿ ಗೋಡೆ-ಪ್ಲಾಟರ್ ಕಟ್ಟಿದ ದಾಖಲೆ

ಕಲೆ ಮತ್ತು ಕಂಪ್ಯೂಟಿಂಗ್ ಎರಡನ್ನೂ ಒಂದೇ ತರಗತಿಯಲ್ಲಿ ಕಲಿಸುವ ಕಲಾಶಾಲೆಗೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದಾಗ ನನ್ನ ಬಳಿ ಇದ್ದದ್ದು ಪರದೆಯ ಮೇಲೆ ಓಡುವ ನಲವತ್ತಕ್ಕೂ ಹೆಚ್ಚು ಚಿತ್ರಗಳು. ಎಲ್ಲವೂ ಕೋಡ್ ಬರೆದು ಚಿತ್ರ ಬಿಡಿಸುವ ಪಿ5.ಜೆಎಸ್ ಎಂಬ ಉಪಕರಣದಲ್ಲಿ ಬರೆದವು. ಬಣ್ಣದ ಕಣಗಳು ಹರಿಯುತ್ತವೆ, ವೃತ್ತಗಳು ಉಬ್ಬಿ ಕುಗ್ಗುತ್ತವೆ, ನಯವಾಗಿ ಏರಿಳಿಯುವ ಯಾದೃಚ್ಛಿಕ ಸಂಖ್ಯೆಗಳನ್ನು ಕೊಡುವ ಪರ್ಲಿನ್ ನಾಯ್ಸ್ ಎಂಬ ಸೂತ್ರದಿಂದ ಗೆರೆಗಳು ಹೊಗೆಯಂತೆ ಸುರುಳಿ ಸುತ್ತುತ್ತವೆ. ಒಂದು ಸಂಜೆ ಅವನ್ನೆಲ್ಲ ಸಾಲಾಗಿ ತೆರೆದು, ಪ್ರತಿಯೊಂದರ ಪಕ್ಕದಲ್ಲಿ ‘ಇದು ಹೀಗೇಕೆ ಇದೆ?’ ಎಂದು ಬರೆದುಕೊಂಡು ಉತ್ತರ ಹುಡುಕಿದೆ. ಮೂರು ನಾಲ್ಕಕ್ಕೆ ಮಾತ್ರ ಉತ್ತರ ಸಿಕ್ಕಿತು. ಉಳಿದವು ಚೆಂದ ಕಾಣುತ್ತಿದ್ದದ್ದು ಕೆನ್ ಪರ್ಲಿನ್ 1980ರ ದಶಕದಲ್ಲಿ ಆ ನಾಯ್ಸ್ ಸೂತ್ರವನ್ನು ಅಷ್ಟು ಚೆಂದವಾಗಿ ಕಟ್ಟಿದ್ದರಿಂದ. ಅದರಲ್ಲಿ ನನ್ನ ಪಾಲು ತೀರಾ ಸಣ್ಣದು.

ಅರ್ಜಿಗೆ ಬೇಕಾದದ್ದು ಮೂರು: ಐದಕ್ಕೆ ಮೀರದ ಕೃತಿಗಳ ಪೋರ್ಟ್‌ಫೋಲಿಯೊ, 500 ಪದಗಳ ಉದ್ದೇಶ ಪತ್ರ, 2 ನಿಮಿಷದ ವಿಡಿಯೊ. ಕೃತಿಯ ಜೊತೆಗೆ ಅದು ಹುಟ್ಟಿದ ದಾರಿಯನ್ನೂ ತೋರಿಸಬೇಕೆಂಬ ಸೂಚನೆ ಇತ್ತು. ಕೈಯಲ್ಲಿ ಹನ್ನೊಂದು ವಾರಗಳಿದ್ದವು. ನಲವತ್ತನ್ನೂ ಬದಿಗಿಟ್ಟು ಒಂದೇ ಪ್ರಶ್ನೆ ಹಿಡಿದು ಹೊಸದಾಗಿ ಒಂದನ್ನು ಕಟ್ಟಲು ಹೊರಟೆ: ನಾನು ಎಳೆದ ಗೆರೆಯನ್ನು ಯಂತ್ರ ನಕಲು ಮಾಡಿ, ಆ ನಕಲನ್ನೇ ಮತ್ತೆ ನಕಲು ಮಾಡುತ್ತ ಹೋದರೆ, ಎಷ್ಟನೆಯ ಪ್ರತಿಯವರೆಗೆ ಆ ಗೆರೆ ನನ್ನದಾಗಿರುತ್ತದೆ?

ಮೊದಲ ವಾರ

ಗೋಡೆ-ಪ್ಲಾಟರ್ ಎಂದರೆ ಗೋಡೆಗೆ ಅಂಟಿಸಿದ ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ಯಂತ್ರ. ಅದರ ರೂಪ ಹೊಸದಲ್ಲ. ಗೋಡೆಯ ಮೇಲೆ ಎಡ ಬಲ ಎರಡು ಮೋಟಾರ್, ಎರಡರಿಂದಲೂ ಇಳಿಬಿದ್ದ ದಾರ, ದಾರಗಳು ಕೂಡುವಲ್ಲಿ ತೂಗುವ ಪೆನ್ನು. ದಾರ ಬಿಟ್ಟರೆ ಪೆನ್ನು ಇಳಿಯುತ್ತದೆ, ಎಳೆದುಕೊಂಡರೆ ಏರುತ್ತದೆ. 2002ರಲ್ಲಿ ಸ್ವಿಟ್ಜರ್ಲೆಂಡ್‌ನ ಕಲಾಶಾಲೆ ಇಕಾಲ್‌ನಲ್ಲಿ ಓದುತ್ತಿದ್ದ ಯೂರ್ಗ್ ಲೇನಿ, ಇಂಜಿನಿಯರ್ ಊಲಿ ಫ್ರಾಂಕೆ ಅವರ ಜೊತೆ ಸೇರಿ ಇದೇ ಬಗೆಯಲ್ಲಿ ಸ್ಪ್ರೇ ಡಬ್ಬಿ ಹಿಡಿದು ಗೋಡೆಗೆ ಬಣ್ಣ ಹೊಡೆಯುವ ‘ಹೆಕ್ಟರ್’ ಎಂಬ ಯಂತ್ರ ಮಾಡಿದ್ದರು. ಮೋಟಾರ್‌ಗಳನ್ನು ನಡೆಸಲು ನಾನು ಬಳಸಿದ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂಡ ಇಟಲಿಯ ಇವ್ರಿಯಾದಲ್ಲಿದ್ದ ಒಂದು ವಿನ್ಯಾಸ ಶಾಲೆಯಲ್ಲಿ, ಇಂಜಿನಿಯರಿಂಗ್ ಓದದ ವಿದ್ಯಾರ್ಥಿಗಳ ಕೈಗೆ ಸಿಗಲೆಂದು 2005ರ ಹೊತ್ತಿಗೆ ರೂಪುಗೊಂಡದ್ದು. ಇಂಥ ಶಾಲೆಗೆ ಅರ್ಜಿ ಹಾಕುವವರಿಗೆ ಈ ಚರಿತ್ರೆ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ. ಕೈಗೆತ್ತಿಕೊಂಡ ಉಪಕರಣ ಯಾರಿಗಾಗಿ ಹುಟ್ಟಿತು ಎಂದು ಗೊತ್ತಾದಾಗ ಅದನ್ನು ಬಿಚ್ಚಿ ನೋಡುವ ಧೈರ್ಯ ತಾನಾಗಿ ಬರುತ್ತದೆ.

ಮೋಟಾರ್‌ಗಳು ಎರಡು 28ಬಿವೈಜೆ-48. ಹವಾನಿಯಂತ್ರಕದ ರೆಕ್ಕೆ ತಿರುಗಿಸುವಂಥ ಸಣ್ಣ ಸ್ಟೆಪರ್‌ಗಳು, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್‌ಗಳು. ಅವುಗಳ ಜೊತೆ ಬರುವ ಯುಎಲ್ಎನ್2003 ಚಾಲಕ ಫಲಕಗಳು. ಪೆನ್ನು ಎತ್ತಲು ಒಂದು ಪುಟ್ಟ ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್. ಹೆಣೆದ ಮೀನುಗಾರಿಕೆ ದಾರ, ಪ್ಲೈವುಡ್ ಹಲಗೆ, ಸುತ್ತಳತೆ ಸರಿಯಾಗಿ 100 ಮಿಲಿಮೀಟರ್ ಬರುವಂತೆ ಮಾಡಿಸಿದ ಎರಡು ಉರುಳೆಗಳು. ಈ ದುಂಡು ಸಂಖ್ಯೆ ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡದ್ದು. ಮೋಟಾರ್‌ನ ವಿವರಪತ್ರದ ಪ್ರಕಾರ ಒಂದು ಸುತ್ತಿಗೆ 4096 ಅರೆಹೆಜ್ಜೆ (ಮುಂದೆಲ್ಲ ಇದನ್ನೇ ಹೆಜ್ಜೆ ಎನ್ನುತ್ತೇನೆ). ಅಂದರೆ ಒಂದು ಮಿಲಿಮೀಟರ್ ದಾರಕ್ಕೆ 40.96 ಹೆಜ್ಜೆ. ಈ ಎರಡು ಸಂಖ್ಯೆಗಳು ಮುಂದೆ ಬೇರೆ ಬೇರೆ ರೀತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವು.

ಎರಡನೆಯ ವಾರ

ಮೋಟಾರ್‌ಗಳ ನಡುವೆ 1200 ಮಿಲಿಮೀಟರ್. ಎ2 ಕಾಗದವನ್ನು ಉದ್ದುದ್ದವಾಗಿ ನಡುವೆ ಅಂಟಿಸಿದೆ. ಅದರ ಮೇಲಂಚು ಮೋಟಾರ್‌ಗಳ ಸಾಲಿನಿಂದ 250 ಮಿಲಿಮೀಟರ್ ಕೆಳಗೆ. ಪೆನ್ನಿನ ಮನೆ, ಅಂದರೆ ಅದು ಹೊರಡುವ ಜಾಗ, ಆ ಮೇಲಂಚಿನ ನಟ್ಟನಡುವೆ, ಅಲ್ಲಿ ಎರಡೂ ದಾರಗಳ ಉದ್ದ ಸರಿಯಾಗಿ 650. ಪೈಥಾಗೊರಸ್ ಪ್ರಮೇಯ ಬಿಟ್ಟರೆ ಬೇರೆ ಗಣಿತ ಬೇಕಾಗಲಿಲ್ಲ.

ಮೊದಲು ಎಳೆಸಿದ ಅಡ್ಡಗೆರೆ ಬಿಲ್ಲಿನಂತೆ ಬಾಗಿತ್ತು. ಇದು ನಿರೀಕ್ಷಿತವೇ: ಎರಡು ದಾರಗಳೂ ಸಮವೇಗದಲ್ಲಿ ಉದ್ದವಾದರೆ, ಗಿಡ್ಡವಾದರೆ ಪೆನ್ನು ನೇರ ಹೋಗುವುದಿಲ್ಲ. ಪ್ರತಿ ಗೆರೆಯನ್ನೂ ಒಂದೊಂದು ಮಿಲಿಮೀಟರಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿಗೂ ದಾರದ ಉದ್ದವನ್ನು ಹೊಸದಾಗಿ ಲೆಕ್ಕ ಹಾಕಿಸಿದೆ. ಗೆರೆ ನೆಟ್ಟಗಾಯಿತು.

ಆಮೇಲೆ ಪೆನ್ನು ಎತ್ತಿದಾಗಲೆಲ್ಲ ಬೋರ್ಡ್ ಮೊದಲಿನಿಂದ ಶುರುವಾಗತೊಡಗಿತು. ಸರ್ವೊ ತಟ್ಟನೆ ತಿರುಗುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ ಎಳೆದುಕೊಳ್ಳುತ್ತದೆ, ಯುಎಸ್‌ಬಿ ತಂತಿಯಿಂದ ಬರುವ 5 ವೋಲ್ಟ್ ಕುಸಿಯುತ್ತದೆ, ಬೋರ್ಡ್‌ಗೆ ಉಸಿರು ಕಟ್ಟುತ್ತದೆ. ಮೋಟಾರ್‌ಗಳಿಗೂ ಸರ್ವೊಗೂ ಬೇರೆಯೇ 5 ವೋಲ್ಟ್ ಪೂರೈಕೆ ಕೊಟ್ಟು, ಸರ್ವೊದ ಪಕ್ಕದಲ್ಲಿ, ಕೊಂಚ ವಿದ್ಯುತ್ ಕೂಡಿಟ್ಟುಕೊಳ್ಳುವ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆದೆ. ಆಗ ಸರ್ವೊ ಜ್ವರ ಬಂದಂತೆ ನಡುಗತೊಡಗಿತು. ಎರಡು ಪೂರೈಕೆಗಳ ಗ್ರೌಂಡ್ ತಂತಿಗಳನ್ನು ಒಂದಕ್ಕೊಂದು ಜೋಡಿಸಿರಲಿಲ್ಲ. ಜೋಡಿಸಿದ ಮೇಲೆ ಶಾಂತವಾಯಿತು. ಇಂಥದ್ದನ್ನು ಕಟ್ಟುವವರು ಈ ಕೊನೆಯ ತಂತಿಯನ್ನು ಮೊದಲೇ ಹಾಕಿಬಿಡಿ.

ಇನ್ನೊಂದು ಮಾತು. ಪೆನ್ನು ಹಿಡಿದಿಡುವ ತೊಟ್ಟಿಲು ಹಗುರವಾಗಿದ್ದರೆ ಗೆರೆ ಗಡಗಡ ನಡುಗುತ್ತದೆ. ಹಲ್ಲುಚಕ್ರಗಳ ನಡುವಿನ ಸಡಿಲವನ್ನು ತೂಕವೇ ಒಂದು ದಿಕ್ಕಿಗೆ ಜಗ್ಗಿ ಹಿಡಿಯಬೇಕು. ನಾಲ್ಕು ದೊಡ್ಡ ನಟ್‌ಗಳನ್ನು ತೊಟ್ಟಿಲಿನ ತಳಕ್ಕೆ ಕಟ್ಟಿದೆ. ಗುರುತ್ವಾಕರ್ಷಣೆ ಪುಕ್ಕಟೆ ಸಿಗುವ ಸ್ಪ್ರಿಂಗ್.

ಮೂರನೆಯ ಮತ್ತು ನಾಲ್ಕನೆಯ ವಾರ

ಎಡಗೈಯನ್ನು ಅಂಗೈ ಮೇಲಾಗಿ ಕಾಗದದ ಮೇಲಿಟ್ಟು ಬಲಗೈಯಿಂದ ಸುತ್ತಲೂ ಪೆನ್ಸಿಲ್ ಎಳೆದೆ. ಯಾರಾದರೂ ಮೊದಲು ಬಿಡಿಸುವ ಚಿತ್ರ ಇದೇ ಇರಬಹುದು. ನೋಡುವವರಿಗೆ ಏನೆಂದು ವಿವರಿಸಬೇಕಿಲ್ಲ, ಸ್ವಲ್ಪ ಕೆಟ್ಟರೂ ತಕ್ಷಣ ಗೊತ್ತಾಗುತ್ತದೆ. ಇದನ್ನು ಕಂಪ್ಯೂಟರ್‌ಗೆ ಇಳಿಸಿ, ಒಂದೂವರೆ ಪಟ್ಟು ದೊಡ್ಡದು ಮಾಡಿ, ಬಿಂದುಗಳ ಸಾಲಾಗಿ ಪರಿವರ್ತಿಸಿದಾಗ 1500ರಷ್ಟು ಬಿಂದುಗಳಾದವು. ನನ್ನ ಬೋರ್ಡ್ ಆದ ಆರ್ಡುಯಿನೊ ಊನೊದ ಸ್ಮರಣೆ 2048 ಬೈಟ್ ಮಾತ್ರ. ಬಿಂದುವಿಗೆ 4 ಬೈಟ್ ಎಂದರೂ 6000 ಬೇಕು. ಹಾಗಾಗಿ ಕಂಪ್ಯೂಟರ್ ಒಂದೊಂದೇ ಬಿಂದು ಕಳಿಸುತ್ತದೆ, ಯಂತ್ರ ಅಲ್ಲಿಗೆ ಹೋಗಿ ‘ಆಯಿತು’ ಎನ್ನುತ್ತದೆ, ಮುಂದಿನದು ಬರುತ್ತದೆ.

ಮೊದಲ ಕೈ ಮೂಡಿತು. ಮಣಿಕಟ್ಟಿನಲ್ಲಿ ಶುರುವಾದ ಗೆರೆ ಐದು ಬೆರಳುಗಳನ್ನೂ ಸುತ್ತಿ ಮಣಿಕಟ್ಟಿನ ಅದೇ ಬಿಂದುವಿಗೆ ಬಂದು ಕೂಡಬೇಕಿತ್ತು. ಕೂಡಲಿಲ್ಲ. 7 ಮಿಲಿಮೀಟರ್ ಬಾಯಿ ತೆರೆದುಕೊಂಡು ನಿಂತಿತು. ಬೆರಳುಗಳು ಕೂಡ ಮೂಲಕ್ಕಿಂತ ತುಸು ಮೊಂಡಾಗಿದ್ದವು.

ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಪ್ರತಿ ತುಣುಕಿಗೂ ‘ಇಷ್ಟು ಹೆಜ್ಜೆ ಮುಂದೆ ಹೋಗು’ ಎಂದು ಮೋಟಾರ್‌ಗೆ ಹೇಳುತ್ತಿದ್ದೆ. ಲೆಕ್ಕ 27.6 ಎಂದು ಬಂದರೆ ಮೋಟಾರ್ 27 ಹೆಜ್ಜೆ ಹೋಗಿ ನಿಲ್ಲುತ್ತದೆ, ಅರ್ಧಂಬರ್ಧ ಹೆಜ್ಜೆ ಇಡಲು ಅದಕ್ಕೆ ಬರುವುದಿಲ್ಲ. ಉಳಿದ 0.6 ಹೆಜ್ಜೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲಿನಷ್ಟು ನಷ್ಟ, ಅಷ್ಟೇ. ಆದರೆ 1500 ತುಣುಕುಗಳಲ್ಲಿ 1500 ಸಲ ಹೀಗೆ ಸೋರಿಹೋಗುತ್ತದೆ. ಹೋಗುವಾಗ ಸೋರಿದ್ದೂ ಬರುವಾಗ ಸೋರಿದ್ದೂ ಒಂದನ್ನೊಂದು ಸ್ವಲ್ಪ ಹೊಡೆದುಹಾಕುತ್ತವೆ. ಹೊಡೆದುಹಾಕದೆ ಉಳಿದದ್ದೇ ಆ 7 ಮಿಲಿಮೀಟರ್.

ಸರಿಪಡಿಸುವುದು ಸುಲಭ. ‘ಇಷ್ಟು ಮುಂದೆ ಹೋಗು’ ಎನ್ನುವ ಬದಲು ‘ಈ ಸಂಖ್ಯೆಯ ಹೆಜ್ಜೆಗೆ ಹೋಗಿ ನಿಲ್ಲು’ ಎಂದು ಹೇಳಿದರೆ ಸಾಕು. ದಾರದ ಒಟ್ಟು ಉದ್ದವನ್ನೇ ಹೆಜ್ಜೆಗೆ ಪರಿವರ್ತಿಸಿ ಗುರಿ ಕೊಟ್ಟಾಗ ಒಂದು ತುಣುಕಿನ ತಪ್ಪು ಮುಂದಿನದಕ್ಕೆ ದಾಟುವುದಿಲ್ಲ. ಕೋಡ್ ಬದಲಿಸಿ ಹೊಸ ಕಾಗದ ಅಂಟಿಸಿದೆ.

ಹೆಬ್ಬೆರಳು ಸರಿಯಾಗಿ ಬಂತು. ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳು ಬಂದವು. ಕಿರುಬೆರಳಿನಿಂದ ಅಂಗೈಯ ಬಲ ಅಂಚಿಗೆ ಇಳಿಯುವಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ, ಸೆಕೆಂಡಿಗೆ ಒಂದೂವರೆ ಸೆಂಟಿಮೀಟರಿನಂತೆ ಎಡ ಮೂಲೆಯತ್ತ ಏರತೊಡಗಿತು. ಕೈಯ ಚಿತ್ರದ ಮೇಲೆ ಅಡ್ಡಲಾಗಿ ಉದ್ದನೆಯ ಬಾಗುಗೆರೆ ಎಳೆಯುತ್ತ ಹೋಯಿತು. ಚಾಲಕ ಫಲಕದ ನಾಲ್ಕು ಕೆಂಪು ದೀಪಗಳು ಎಂದಿನಂತೆ ಮಿನುಗುತ್ತಿದ್ದವು, ಏನೂ ಆಗಿಲ್ಲವೆಂಬಂತೆ. ತೊಟ್ಟಿಲು ಮೋಟಾರ್‌ಗೆ ಬಡಿಯುವ ಮೊದಲು ತಂತಿ ಕಿತ್ತೆ.

ಮತ್ತೆ ಓಡಿಸಿದೆ. ಅದೇ ಜಾಗದಲ್ಲಿ ಅದೇ ಆಟ. ಕೈ ಬಿಟ್ಟು ಬೇರೆ ಗೆರೆಗಳನ್ನು ಕೊಟ್ಟೆ: ಒಂದು ಲಂಬ, ಎರಡು ಓರೆ, ಒಂದು ಅಡ್ಡ. ಎಲ್ಲವೂ ಕೆಟ್ಟವು, ಬೇರೆ ಬೇರೆ ಜಾಗಗಳಲ್ಲಿ. ಕೆಟ್ಟ ಜಾಗಕ್ಕೆಲ್ಲ ಪೆನ್ಸಿಲಿನಿಂದ ಗುಂಡು ಸುತ್ತಿದೆ. ಐದು ಗುರುತುಗಳಾದ ಮೇಲೆ ಹಿಂದೆ ಸರಿದು ನೋಡಿದೆ. ಅವು ಒಂದು ಕಮಾನಿನ ಮೇಲೆ ಕೂತಿದ್ದವು. ಕಮಾನು ಎಂದರೆ ಎಲ್ಲೋ ಒಂದು ಕೇಂದ್ರ ಇರಲೇಬೇಕು. ಎಡ ಮೋಟಾರ್‌ನ ಉರುಳೆಯಿಂದ ಒಂದೊಂದು ಗುರುತಿಗೂ ಅಳತೆಪಟ್ಟಿ ಹಿಡಿದೆ. 80 ಸೆಂಟಿಮೀಟರ್. 80. 80. ಐದೂ 80.

800 ಮಿಲಿಮೀಟರನ್ನು 40.96ರಿಂದ ಗುಣಿಸಿದರೆ 32,768. ಊನೊ ಬೋರ್ಡಿನಲ್ಲಿ ‘ಇಂಟ್’ ಎಂಬ ಪೂರ್ಣಾಂಕಕ್ಕೆ 16 ಬಿಟ್‌ಗಳ ಜಾಗ; ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಒಂದು ಹೆಚ್ಚಾದರೆ ಅದು ಮಗುಚಿ ಋಣ 32,768 ಆಗುತ್ತದೆ. ಗುರಿಯ ಲೆಕ್ಕವನ್ನು ನಾನು ಇಂಟ್‌ನಲ್ಲಿ ಇಟ್ಟಿದ್ದೆ, ಮೋಟಾರ್ ಓಡಿಸುವ ಸಿದ್ಧ ಕೋಡ್, ಅಂದರೆ ಲೈಬ್ರರಿ, ತನ್ನ ಸ್ಥಾನವನ್ನು ದೊಡ್ಡದಾದ ‘ಲಾಂಗ್’ನಲ್ಲಿ ಇಟ್ಟುಕೊಂಡಿತ್ತು. ದಾರ 800 ಮಿಲಿಮೀಟರ್ ದಾಟಿದ ಕೂಡಲೇ ಎಡ ಮೋಟಾರ್‌ಗೆ ಬಂದ ಆಜ್ಞೆ: 65,535 ಹೆಜ್ಜೆ ಹಿಂದಕ್ಕೆ ಸುತ್ತು. ಅದು ಹೇಳಿದಷ್ಟನ್ನೇ ಮಾಡುತ್ತಿತ್ತು. ಒಂದು ಪದ ಬದಲಿಸಿದೆ, ಇಂಟ್ ಇದ್ದಲ್ಲಿ ಲಾಂಗ್. ಕೆಲಸ ಮುಗಿಯಿತು.

ಒಂದು ಅಮೂರ್ತ ಮಿತಿ, ಚಿಪ್ಪಿನೊಳಗಿನ 16 ಬಿಟ್‌ಗಳ ಗಡಿ, ನನ್ನ ಗೋಡೆಯ ಮೇಲೆ ಕಮಾನಾಗಿ ಮೂಡಿತ್ತು. ಕಂಪಾಸ್ ತಂದು ಎಳೆದಷ್ಟು ನಿಖರವಾಗಿ. ಕಂಪ್ಯೂಟಿಂಗ್ ಅನ್ನು ಕಲಾಶಾಲೆಯಲ್ಲಿ ಏಕೆ ಓದಬೇಕು ಎಂದು ಯಾರಾದರೂ ಕೇಳಿದರೆ ಆ ಐದು ಪೆನ್ಸಿಲ್ ಗುರುತುಗಳ ಕಾಗದವನ್ನೇ ತೋರಿಸುತ್ತೇನೆ.

ಐದನೆಯ ವಾರ

ಈಗ ನಕಲಿನ ನಕಲು. ಯಂತ್ರ ಬಿಡಿಸಿದ ಕೈಯನ್ನು ಮೊಬೈಲ್‌ನಲ್ಲಿ ತೆಗೆದು, ಕಾಗದದ ನಾಲ್ಕು ಮೂಲೆಗಳ ಗುರುತು ಹಿಡಿದು ಓರೆಯಾದ ಚಿತ್ರವನ್ನು ನೇರ ಆಯತಕ್ಕೆ ತಂದು, ಗೆರೆಯನ್ನು ಬಿಂದುಗಳಾಗಿ ಮಾಡಿ ಮತ್ತೆ ಯಂತ್ರಕ್ಕೆ ಕೊಡುವುದು.

ಎರಡನೆಯ ಪ್ರತಿಯಲ್ಲಿ ಒಂದು ಗೆರೆಯ ಜಾಗದಲ್ಲಿ ಎರಡು ಬಂದವು. ಮೂರನೆಯದರಲ್ಲಿ ನಾಲ್ಕು, ನಾಲ್ಕನೆಯದರಲ್ಲಿ ಎಂಟು. ಕೈಯ ಸುತ್ತ ನೀರಿನ ಅಲೆಗಳಂತೆ, ಮರದ ಉಂಗುರಗಳಂತೆ ಗೆರೆಗಳು. ಅಂಚು ಹುಡುಕುವ ಪ್ರೋಗ್ರಾಂ ಪೆನ್ನಿನ ಗೆರೆಯನ್ನು ಗೆರೆಯೆಂದು ನೋಡುವುದಿಲ್ಲ. ಅದಕ್ಕೆ ಅದೊಂದು ಕಿರಿದಾದ ಕಪ್ಪು ಪಟ್ಟಿ, ಪಟ್ಟಿಗೆ ಒಳಗೊಂದು ಹೊರಗೊಂದು ಎರಡು ಅಂಚು. ತಂಗಿ ಬಾಗಿಲಲ್ಲೇ ನಿಂತು ನೋಡಿ, “ಅಕ್ಕಾ, ಇದನ್ನೇ ಕಳಿಸಿಬಿಡು, ಇನ್ನೇನೂ ಮಾಡಬೇಡ” ಎಂದಳು. ನಿಜಕ್ಕೂ ಅಷ್ಟು ಚೆಂದವಿತ್ತು. ಎರಡು ದಿನ ಅದನ್ನು ಗೋಡೆಯಲ್ಲಿಯೇ ಬಿಟ್ಟು ಹೋಗುತ್ತ ಬರುತ್ತ ನೋಡಿದೆ. ಮೂರನೆಯ ದಿನ ತೆಗೆದೆ. ಪರ್ಲಿನ್ ನಾಯ್ಸ್‌ನ ಹೊಗೆಯಂತೆಯೇ ಇದೂ ಬೇರೆಯವರ ಸೂತ್ರದ ಚೆಲುವು; ನನ್ನ ಪ್ರಶ್ನೆಗೆ ಇದರಿಂದ ಉತ್ತರವಿರಲಿಲ್ಲ. ಕಪ್ಪು ಪಟ್ಟಿಯನ್ನು ಅದರ ನಡುಬೆನ್ನಿನವರೆಗೂ ಸವೆಸಿ ಒಂದು ಪಿಕ್ಸೆಲ್ ದಪ್ಪಕ್ಕೆ ತರುವ ತೆಳುಗೊಳಿಸುವ ವಿಧಾನ ಸೇರಿಸಿದೆ. ಗೆರೆ ಮತ್ತೆ ಒಂದಾಯಿತು.

ಹನ್ನೆರಡು ಪ್ರತಿ ಓಡಿಸಿದೆ. ಕೈ ಊದಿತ್ತು. ಮೊದಲ ಪ್ರತಿಯಲ್ಲಿ 300 ಮಿಲಿಮೀಟರ್ ಇದ್ದದ್ದು ಹನ್ನೆರಡನೆಯದರಲ್ಲಿ 317ರ ಹತ್ತಿರ. ಪ್ರತಿ ಸಲ ಅರ್ಧ ಶೇಕಡಾದಷ್ಟು ಬೆಳವಣಿಗೆ, ಚಕ್ರಬಡ್ಡಿಯಂತೆ. ಇಷ್ಟು ಶಿಸ್ತಾಗಿ ಬೆಳೆಯುವ ತಪ್ಪು ಕಾಗದದ್ದೋ ದಾರದ್ದೋ ಆಗಿರಲಾರದು. ಹಳೆಯ ಮೋಟಾರ್ ಒಂದನ್ನು ಬಿಚ್ಚಿ ಹಲ್ಲುಗಳನ್ನು ಎಣಿಸಿದೆ: 32ಕ್ಕೆ 9, 22ಕ್ಕೆ 11, 26ಕ್ಕೆ 9, 31ಕ್ಕೆ 10. ಈ ಅನುಪಾತಗಳನ್ನು ಗುಣಿಸಿದರೆ ವಿವರಪತ್ರ ಹೇಳುವ 64 ಬರುವುದಿಲ್ಲ, 63.684 ಬರುತ್ತದೆ. ಇದನ್ನು ಒಳಗಿನ ಮೋಟಾರಿನ ಒಂದು ಸುತ್ತಿನ 64 ಹೆಜ್ಜೆಗಳಿಂದ ಗುಣಿಸಿದರೆ, ಒಂದು ಸುತ್ತಿಗೆ 4096 ಹೆಜ್ಜೆ ಅಲ್ಲ, 4075.77. ಪತ್ರ ಬರೆದವರು ದುಂಡು ಮಾಡಿದ್ದರು. ಒಂದು ಚಿತ್ರದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ನಕಲಿನ ಸರಪಳಿ ಅದನ್ನು ಎತ್ತಿ ತೋರಿಸಿತು. ಸಂಖ್ಯೆ ತಿದ್ದಿದ ಮೇಲೆ ಊತ ಇಳಿಯಿತು.

ದಾರ ತನ್ನ ಮೇಲೆ ತಾನೇ ಸುತ್ತಿಕೊಂಡು ಉರುಳೆ ದಪ್ಪವಾಗುವ ತೊಂದರೆಯೂ ಇತ್ತು. ಅಗಲದ ಉರುಳೆ ಹಾಕಿ, ಸುತ್ತುಗಳು ಪಕ್ಕಪಕ್ಕದಲ್ಲಿ ಕೂರುವಂತೆ ಒಂದು ಕೊಂಡಿ ಇಟ್ಟೆ.

ಆರನೆಯ ಮತ್ತು ಏಳನೆಯ ವಾರ

ಎಲ್ಲ ಸರಿಹೋದ ಮೇಲೆ ಯಂತ್ರ ಕೈಯನ್ನು ಅಚ್ಚುಕಟ್ಟಾಗಿ ನಕಲು ಮಾಡಿತು. ನೋಡುತ್ತ ಕೂತವಳಿಗೆ ಮೇಜಿನ ಮೇಲೆ ಬಿದ್ದಿದ್ದ ಮೊದಲ ಕಾಗದ, ಆ 7 ಮಿಲಿಮೀಟರ್ ಬಾಯಿ ತೆರೆದ ಕೈ, ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಹೊರಟ ಜಾಗಕ್ಕೆ ಮರಳಲು ಆಗದ ಗೆರೆ. ಅದು ಆಕಸ್ಮಿಕವಾಗಿ ಬಂದದ್ದು ನಿಜ, ಆದರೆ ಅದು ಏಕೆ ಹಾಗೆ ಎಂದು ಈಗ ನನಗೆ ಕೊನೆಯ ಹೆಜ್ಜೆಯವರೆಗೂ ಗೊತ್ತಿತ್ತು. ಪ್ರತಿ ಮಿಲಿಮೀಟರಿಗೂ ಒಂದು ಚೂರು ಮರೆಯುವ ಯಂತ್ರ.

ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬಾಳಿದ ವೆರಾ ಮೊಲ್ನಾರ್ 1968ರಲ್ಲಿ ಕಂಪ್ಯೂಟರ್ ಮುಟ್ಟಿದರು. ಅದಕ್ಕೂ ಮುಂಚೆ, 1959ರಿಂದಲೇ, ಯಂತ್ರವಿಲ್ಲದೆ ಯಂತ್ರದಂತೆ ನಿಯಮ ಹಾಕಿಕೊಂಡು ಕೈಯಿಂದ ಬಿಡಿಸುತ್ತಿದ್ದರು. ಚೌಕಗಳ ಶಿಸ್ತಿನೊಳಗೆ ಶೇಕಡಾ 1ರಷ್ಟು ಅವ್ಯವಸ್ಥೆ ಬೆರೆಸುವುದು ಅವರ ಕೆಲಸದ ಒಂದು ದಾರಿ. 2023ರಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಈ ಅಳತೆಯ ಆಸಕ್ತಿ ಬತ್ತಲಿಲ್ಲ. ಎಷ್ಟು ಕೆಡಿಸಬೇಕೆಂದು ಅಳೆದು ಕೆಡಿಸುವುದು. ನನಗೆ ಬೇಕಾಗಿದ್ದ ಧೈರ್ಯ ಅದರಲ್ಲಿ ಸಿಕ್ಕಿತು.

ತಪ್ಪುಗಳನ್ನು ಎರಡು ರಾಶಿ ಮಾಡಿದೆ. 32,767ರ ಕಮಾನು, ಜೋಡಿ ಗೆರೆ, ಊದಿದ ಕೈ ಇವು ಯಂತ್ರದ ತಪ್ಪುಗಳು, ತಿದ್ದಿದ್ದಾಯಿತು. ಸೋರುವ ಹೆಜ್ಜೆಯನ್ನು ಮಾತ್ರ ಮರಳಿ ತಂದೆ, ಈ ಸಲ ಬೇಕೆಂದೇ. ಬೋರ್ಡಿಗೆ ಒಂದು ತಿರುಗುಗುಂಡಿ ಜೋಡಿಸಿದೆ. ಪ್ರತಿ ತುಣುಕಿನ ಕೊನೆಯಲ್ಲಿ ಉಳಿಯುವ ಅರೆಬರೆ ಹೆಜ್ಜೆಯ ಎಷ್ಟು ಪಾಲನ್ನು ಮುಂದಿನ ತುಣುಕಿಗೆ ದಾಟಿಸಬೇಕು, ಎಷ್ಟನ್ನು ಬಿಟ್ಟುಬಿಡಬೇಕು ಎಂಬುದನ್ನು ಆ ಗುಂಡಿ ಹೇಳುತ್ತದೆ. ಸೊನ್ನೆಯಲ್ಲಿ ಎಲ್ಲವನ್ನೂ ನೆನಪಿಡುತ್ತದೆ, ಹತ್ತರಲ್ಲಿ ಎಲ್ಲವನ್ನೂ ಮರೆಯುತ್ತದೆ. ಕೋಡ್‌ನಲ್ಲಿ ಇದು ಒಂದೇ ಸಾಲು.

ಗುಂಡಿಯನ್ನು ಮೂರಕ್ಕೆ ಇಟ್ಟು ಓಡಿಸಿದ ಸರಪಳಿ ಅತ್ಯುತ್ತಮವಾಗಿ ಬಂತು. ಐದನೆಯ ಪ್ರತಿಯವರೆಗೆ ಕೈ ಕೈಯಾಗಿಯೇ ಇತ್ತು. ಎಂಟನೆಯದರಲ್ಲಿ ಬೆರಳುಗಳು ಕುಗ್ಗಿ ಕೈಗವಸಿನಂತೆ, ಹನ್ನೆರಡನೆಯದರಲ್ಲಿ ಮಣಿಕಟ್ಟು ಅಗಲವಾಗಿ ಬಿರಿದು ಎಲೆಯೋ ಚಿಪ್ಪೋ ಎಂಬಂತೆ. ಹತ್ತಕ್ಕೆ ಇಟ್ಟದ್ದು ಬೇಗ ಹಾಳಾಯಿತು, ನೋಡಲು ಏನೂ ಉಳಿಯಲಿಲ್ಲ.

ಎಂಟರಿಂದ ಹತ್ತನೆಯ ವಾರ

ಪೋರ್ಟ್‌ಫೋಲಿಯೊ ಜೋಡಿಸುವುದಕ್ಕೆ ಯಂತ್ರ ಕಟ್ಟಿದಷ್ಟೇ ಸಮಯ ಹೋಯಿತು. ಐದು ಕೃತಿಗಳಿಗೆ ಅವಕಾಶವಿದ್ದರೂ ಮೂರನ್ನೇ ಇಟ್ಟೆ: ಈ ಸರಪಳಿ, ಉತ್ತರ ಸಿಕ್ಕಿದ್ದ ಹಳೆಯ ಪರದೆ-ಚಿತ್ರಗಳಲ್ಲಿ ಒಂದು, ಮತ್ತು ಪೆನ್ಸಿಲಿನಲ್ಲಿ ಬಿಡಿಸಿದ ಕೆಲವು ಪುಟಗಳು. ಕಂಪ್ಯೂಟರ್ ಸೇರದ ಪೆನ್ಸಿಲ್ ಪುಟಗಳನ್ನು ಬಿಡಬಾರದು ಎಂದೇ ನನ್ನ ನಂಬಿಕೆ. ಕಣ್ಣು ಹೇಗೆ ನೋಡುತ್ತದೆ ಎಂಬುದು ಅಲ್ಲಿ ಬರಿಗಾಲಲ್ಲಿ ನಿಂತಿರುತ್ತದೆ.

ಕೆಟ್ಟ ಕಾಗದಗಳಲ್ಲಿ ಎರಡನ್ನು ಮಾತ್ರ ಸೇರಿಸಿದೆ: ಕಮಾನಿನದು ಮತ್ತು ಮೊದಲ 7 ಮಿಲಿಮೀಟರಿನದು. ಸೋತದ್ದನ್ನೆಲ್ಲ ರಾಶಿ ಹಾಕಿದರೆ ನೋಡುವವರಿಗೆ ಅದು ಬರೀ ಕಸದ ಬುಟ್ಟಿ. ಒಂದೊಂದರ ಕೆಳಗೆ ಎರಡು ಸಾಲು: ಏನಾಯಿತು, ಏಕೆ ಆಯಿತು.

ಉದ್ದೇಶ ಪತ್ರವನ್ನು ಆರು ಸಲ ಬರೆದೆ. ಮೊದಲ ಕರಡು ‘ಚಿಕ್ಕಂದಿನಿಂದಲೂ ನನಗೆ ಕಲೆ ಮತ್ತು ತಂತ್ರಜ್ಞಾನದಲ್ಲಿ ಆಸಕ್ತಿ’ ಎಂದು ಶುರುವಾಗುತ್ತಿತ್ತು. ಓದಿದ ಮೇಲೆ ನನಗೇ ನನ್ನ ಪರಿಚಯವಾಗಲಿಲ್ಲ. ಕೊನೆಯ ಕರಡಿನ ಮೊದಲ ವಾಕ್ಯ: ‘ನನ್ನ ಯಂತ್ರ ಪ್ರತಿ ಮಿಲಿಮೀಟರಿಗೆ ಒಂದು ಹೆಜ್ಜೆಯ ಚೂರನ್ನು ಮರೆಯುತ್ತದೆ, ಎಷ್ಟು ಮರೆಯಬೇಕೆಂದು ನಾನು ತೀರ್ಮಾನಿಸುತ್ತೇನೆ.’ ಆ ಒಂದು ವಾಕ್ಯ ಸಿಕ್ಕ ಮೇಲೆ ಉಳಿದ 490 ಪದಗಳು ಒಂದೇ ರಾತ್ರಿಯಲ್ಲಿ ಬಂದವು. ಶಾಲೆಯಲ್ಲಿ ಏನು ಕಲಿಯಬೇಕೆಂದಿದ್ದೇನೆ ಎಂಬುದನ್ನೂ ನೇರವಾಗಿ ಬರೆದೆ: ಕೈಕೆಲಸ ನನಗೆ ಬರುತ್ತದೆ, ನನ್ನ ಕೆಲಸವನ್ನು ಬೇರೆಯವರ ಮುಂದಿಟ್ಟು ವಾದಿಸಲು ಬರುವುದಿಲ್ಲ.

ವಿಡಿಯೊಗೆ ಸಂಗೀತ ಹಾಕಲಿಲ್ಲ. ಮೋಟಾರ್‌ಗಳಿಗೆ ಅವುಗಳದೇ ಸಣ್ಣ ಗುಂಯ್‌ಗುಡುವ ದನಿ ಇದೆ; ಎರಡೂ ದಾರ ಒಂದೇ ವೇಗದಲ್ಲಿ ಓಡುವಾಗ ಒಂದು ಸ್ವರ, ಬೆರಳ ತುದಿಯ ತಿರುವಿನಲ್ಲಿ ಎರಡು. ಮೊಬೈಲನ್ನು ಮಣಿಕಟ್ಟಿನ ಜಾಗಕ್ಕೆ ಹತ್ತಿರ ಹಿಡಿದು ಪೆನ್ನು ಮರಳಿ ಬರುವುದನ್ನು ಕಾದೆ. ಬಂತು, ಹೊರಟ ಬಿಂದುವಿನ ಪಕ್ಕದಲ್ಲಿ ನಿಂತಿತು, ಸರ್ವೊ ಟಕ್ಕೆಂದು ಪೆನ್ನನ್ನು ಎತ್ತಿತು. ನಡುವೆ ಬಿಳಿ ಕಾಗದ. ವಿಡಿಯೊ ಅಲ್ಲಿಗೆ ನಿಲ್ಲಿಸಿದೆ.

ಕಳಿಸಿದ್ದು ಗಡುವಿಗೆ ನಾಲ್ಕು ದಿನ ಮುಂಚೆ.

ಸಂದರ್ಶನದ ನಂತರ

ಸಂದರ್ಶನ ವಿಡಿಯೊ ಕರೆಯಲ್ಲಿ ನಡೆಯಿತು, ಯಂತ್ರ ನನ್ನ ಹಿಂದೆಯೇ ಇತ್ತು. ಮೂವರಿದ್ದರು. ಒಬ್ಬರು ಮರೆಯುವ ಸಾಲನ್ನು ಕೋಡ್‌ನಲ್ಲಿ ತೋರಿಸಲು ಹೇಳಿದರು; ತೋರಿಸಿದೆ. ಇನ್ನೊಬ್ಬರು ಪೆನ್ಸಿಲ್ ಪುಟಗಳ ಬಗ್ಗೆ ಬಹಳ ಹೊತ್ತು ಕೇಳಿದರು. ಕೊನೆಗೆ, ಅಲ್ಲಿಯವರೆಗೆ ಸುಮ್ಮನಿದ್ದ ಅಧ್ಯಾಪಕಿ ಕೇಳಿದರು: “ಗುಂಡಿ ಸೊನ್ನೆಯಲ್ಲಿದ್ದಾಗಿನ ಸರಪಳಿಯನ್ನು ನೀವು ತೋರಿಸಿಲ್ಲ, ಏಕೆ?”

“ಅದರಲ್ಲಿ ಏನೂ ಆಗುವುದಿಲ್ಲ, ಮೇಡಂ.”

“ಹನ್ನೆರಡು ಪ್ರತಿ ಓಡಿಸಿ ನೋಡಿದ್ದೀರಾ?”

ನೋಡಿರಲಿಲ್ಲ. ಊತ ಇಳಿಯಿತೇ ಎಂದು ಅಳೆಯಲು ಎರಡು ಪ್ರತಿ ತೆಗೆದವಳು, ಸರಿಯಾಗಿದೆ ಎಂದು ಅಲ್ಲಿಗೇ ನಿಲ್ಲಿಸಿದ್ದೆ. ಹಾಗೆಂದೇ ಹೇಳಿದೆ. ಅವರು ತಲೆಯಾಡಿಸಿ ಬರೆದುಕೊಂಡರು. ಫಲಿತಾಂಶಕ್ಕೆ ಇನ್ನೂ ಕೆಲವು ವಾರಗಳಿವೆ.

ಕರೆ ಮುಗಿದ ಸಂಜೆಯೇ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಐದು ದಿನಗಳಲ್ಲಿ ಹನ್ನೆರಡು ಪ್ರತಿ. ಕೈ ಬದಲಾಗಿತ್ತು. ಬಹಳವಲ್ಲ, ಆದರೆ ಬೆರಳ ತುದಿಗಳು ಇನ್ನಷ್ಟು ಗುಂಡಗಾಗಿದ್ದವು ಮತ್ತು ಕಿರುಬೆರಳು ಎಡಕ್ಕೆ, ಉಂಗುರ ಬೆರಳಿನತ್ತ, 4 ಮಿಲಿಮೀಟರ್ ವಾಲಿತ್ತು. ಎರಡೇ ರಾಶಿ ಎಂದುಕೊಂಡಿದ್ದ ನನ್ನ ಲೆಕ್ಕಕ್ಕೆ ಸಿಗದ ಮೂರನೆಯದೊಂದು ಇತ್ತು.

ಗುಂಡಗಾದ ತುದಿಗಳಿಗೆ ಕಾರಣ ಸಿಕ್ಕಿದೆ. ಒಂದೇ ಕಾಗದವನ್ನು ಮತ್ತೆ ಬಿಡಿಸದೆ, ಅದರ ಚಿತ್ರವನ್ನು ಹನ್ನೆರಡು ಸಲ ದಪ್ಪ ಮಾಡಿ ತೆಳು ಮಾಡಿ ನೋಡಿದೆ. ತೆಳುಗೊಳಿಸುವ ವಿಧಾನವೇ ಚೂಪಾದ ತಿರುವನ್ನು ಪ್ರತಿ ಸಲ ಸ್ವಲ್ಪ ಸವೆಸುತ್ತದೆ. ವಾಲಿದ ಕಿರುಬೆರಳಿಗೆ ಸಿಕ್ಕಿಲ್ಲ. ಮೊಬೈಲ್ ಲೆನ್ಸ್ ಎಂದು ಅನುಮಾನಿಸಿ ಕಾಗದವನ್ನು ತಲೆಕೆಳಗು ಮಾಡಿ ಫೋಟೊ ತೆಗೆದೆ, ವಾಲುವ ದಿಕ್ಕು ಬದಲಾಗಲಿಲ್ಲ. ದಾರ ಹೊಸದು ಹಾಕಿದೆ, ಬದಲಾಗಲಿಲ್ಲ. ಉಳಿದದ್ದು ಮೋಟಾರ್‌ಗಳು. ಇವತ್ತು ಬೆಳಿಗ್ಗೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಅದಲುಬದಲು ಮಾಡಿ, ದಾರದ ಉದ್ದ 650 ಎಂದು ಎರಡು ಸಲ ಅಳೆದು, ಹದಿಮೂರನೆಯ ಕಾಗದ ಅಂಟಿಸಿದೆ. ಬೆರಳು ಬಲಕ್ಕೆ ವಾಲಿದರೆ ತಪ್ಪು ಮೋಟಾರಿನದು. ಪೆನ್ನು ಈಗ ಉಂಗುರ ಬೆರಳಿನ ತುದಿ ದಾಟಿ ಇಳಿಯುತ್ತಿದೆ.